ಐತವಾರದ ಚೀಟಿ

ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಬರೆಯುತ್ತಿದ್ದೇನೆ:
ಆರೂ ಹತ್ತು, ರೈಲು. ಆರೂವರೆ, ಚಹಾ.
ಏಳಕ್ಕೆ ಕೋಟೆ. ಒಂಬತ್ತಕ್ಕೆ ಮದರಸಾ.
ಒಂಬತ್ತೂ ಮುಕ್ಕಾಲು, ಚೌಬಾರಾ, ಬರಿದೇ ಒಂದು ಸುತ್ತು.
ಮೈಸೂರಿನ ಭಾರ್ಗವಿ ಬರುತ್ತಾಳೆ,
ಜನಗಣತಿ ತರಬೇತಿಯಲ್ಲಿ ಒಂದೇ ಬೆಂಚಿನವಳು,
ಜೊತೆಗೆ ಅವಳಿ ಮಕ್ಕಳು, ಮಂಡಿ ನೋಯುವ ತಾಯಿ.
ರಾತ್ರಿ ಎಂಟಕ್ಕೆ ಮತ್ತೆ ರೈಲು.
ಆರು ನೂರು ವರ್ಷದ ಬೀದರಿಗೆ
ಹದಿನಾಲ್ಕು ತಾಸು ಕೊಟ್ಟಿದ್ದಾಳೆ ಪುಣ್ಯಾತ್ಗಿತ್ತಿ.

ಗೋಡೆಯಾಚೆ ಬಂದಗಿಸಾಬ ಕಾಕಾ ಕೆಮ್ಮಿದರು.
ಮೂವತ್ತೊಂದು ವರ್ಷ ಕೋಟೆ ಕಾದವರು,
ಒಂದು ದಿನವೂ ಗಡಿಯಾರ ಕಟ್ಟಿದವರಲ್ಲ.
ಚೀಟಿ ಇಸಿದುಕೊಂಡರು, ಕನ್ನಡಕ ಹಣೆಗೇರಿಸಿ
ದೂರ ಹಿಡಿದು ಓದಿದರು. ನಕ್ಕರು.

"ಇದು ಬಸ್‌ಸ್ಟ್ಯಾಂಡಿನ ಬೋರ್ಡ್ ಅದ ಬೇಟಾ.
ಏಳಕ್ಕ ಕೋಟಿ ಅಂತ ಬರ್ದಿ, ಯಾವ ಬಾಜೂಕ?
ಮೂಡಣ ಗ್ವಾಡಿ ಆ ಹೊತ್ತಿಗಿ ಕೆಂಪ್ ಕೆಂಪಗಿರ್ತದ,
ಎಂಟಾಯ್ತಂದ್ರ ಬರೇ ಕಲ್ಲು.
ಮೊದಲ ಸೋಲಾ ಖಂಬ್. ಕಂಬದ ಸಾಲಾಗ ಬಿಸಿಲು
ಬೆಕ್ಕಿನಂಗ ಬರ್ತದ, ಸಪ್ಪಳ ಮಾಡಲ್ದೆ.
ರಂಗೀನ್ ಮಹಲ್ ಕೀಲಿ ಹಾಕಿರ್ತದ.
ಅಲ್ಲಿ ಹುಡುಗಗ ನನ್ನ ಹೆಸರ ಹೇಳು, ತೆಗೀತಾನ.
ತೆಗದ ಕೂಡ್ಲೆ ನೋಡಬ್ಯಾಡ್ರಿ.
ಕಣ್ಣ ಮುಚ್ಚಿ ಇಪ್ಪತ್ತ ಎಣಸ್ರಿ.
ಆಮ್ಯಾಲ ಕರೀ ಕಲ್ಲಾಗಿನ ಸಿಂಪಿ
ಒಂದೊಂದೇ ಎದ್ದು ಬರ್ತದ."

ಬರೆದೆ: ರಂಗೀನ್ ಮಹಲ್, ಇಪ್ಪತ್ತು ಎಣಿಸುವುದು.

"ಮದರಸಾ ಹತ್ತಾಗ್ಲಿ.
ನೀಲಿ ಹಂಚು ಉಳಿದಾವಲ್ಲ, ಅವಕ್ಕ ಬಿಸಿಲ ಏರಬೇಕು.
ಮಿನಾರ್ ಒಂದೇ ಯಾಕ ಅಂತಾವ ಹುಡುಗ್ರು.
ಸಿಡಿಲು ಅನಬ್ಯಾಡ, ಮದ್ದು ಅನಬ್ಯಾಡ,
ಇನ್ನೊಂದು ಎಲ್ಲಿ ನಿಂತಿತ್ತು ಹುಡುಕ್ರಿ ಅನ್ನು.
ನಿನಗ ಗೆಳತಿ ಸಂಗಟ ಮಾತಾಡ್ಲಿಕ್ಕ ಅರ್ಧ ತಾಸು ಸಿಗ್ತದ.
ತಾಯಿಗಿ ಚೌಬಾರಾ ಏರಸಬ್ಯಾಡ, ಸುತ್ತಿನ ಮೆಟ್ಟಿಲು.
ಕೆಳಗ ಬಿದ್ರಿ ಅಂಗಡಿ ಕಟ್ಟಿ ಮ್ಯಾಲ ಕುಂದರ್ಸು,
ಕೋಟಿ ಮಣ್ಣಿನ ನೀರಾಗ ಹೂಜಿ ಕರ್ರಗಾಗೋದು ನೋಡ್ಲಿ.
ಆ ಮಣ್ಣು ನಾಲಿಗಿಗಿ ಹಚ್ಚಿ ಆರಸ್ತಾರ ಅಂತ ಹೇಳು,
ನಂಬಲ್ಲ ಆಕಿ. ಆದ್ರೂ ಹೇಳು."

ಮಧ್ಯಾಹ್ನ ಝೀರಾ ಗುರುದ್ವಾರದ ಪಂಕ್ತಿ.
ಇದನ್ನು ಕಾಕಾ ತಿದ್ದಲಿಲ್ಲ.
"ಹಸಿವಿಗ್ಯಾವ ನೆಳ್ಳು," ಎಂದರು.

ನರಸಿಂಹ ಝರಣಿ ನಾನೇ ಹೊಡೆದುಹಾಕಿದೆ:
ಎದೆಮಟ್ಟ ನೀರು, ತಲೆಯ ಮೇಲೆ ಬಾವಲಿ,
ಆ ತಾಯಿಯ ಮಂಡಿ.
ನೌಬಾದಿನ ಸುರಂಗ, ಪಾಪನಾಶ, ಬರೀದಶಾಹಿ ತೋಟ,
ಒಂದೊಂದಕ್ಕೂ ಗೀಟು ಎಳೆಯುವಾಗ
ಲಗ್ನಪತ್ರಿಕೆಯಲ್ಲಿ ಖಾಸಾ ಚಿಕ್ಕಪ್ಪನ ಹೆಸರು
ಬಿಟ್ಟಂತೆ ಮುಜುಗರ.

ನಾಲ್ಕಕ್ಕೆ ಅಷ್ಟೂರು. ನಾಲ್ಕೂವರೆಗೆ ಚೌಖಂಡಿ.
ಎರಡರ ನಡುವೆ ಕಾಕಾ ಬೆರಳಿಟ್ಟರು.
"ಇಲ್ಲಿ ಏನೂ ಬರೀಬ್ಯಾಡ."
ಯಾಕೆ?
"ಗುಮ್ಮಟದಾಗ ಹುಡುಗ್ರು ತಮ್ಮ ಹೆಸರ ಕೂಗ್ತಾವ.
ಅದು ತಿರುಗಿ ಬರ್ಲಿಕ್ಕ ಹೊತ್ತು ಬೇಕಲ್ಲ."
ಬೆರಳು ಚೀಟಿಯ ಮೇಲೇ ಇತ್ತು.
"ಸೀಳಿದ ಗುಮ್ಮಟ ಒಂದದ ನೋಡು, ತತ್ತಿ ಒಡೆದಂಗ,
ಅದ್ರಾಗ ಕೂಗಿದ್ರ ತಿರುಗಿ ಬರಂಗಿಲ್ಲ.
ಸೀದಾ ಮುಗಲಿಗಿ ಹೋಗಿ ಬಿಡ್ತದ.
ನಾ ಒಮ್ಮಿ ಕೂಗಿನಿ."

ಯಾರ ಹೆಸರೆಂದು ಕೇಳಲಿಲ್ಲ ನಾನು.
ಬೀದಿ ನಲ್ಲಿಗೆ ನೀರು ಬಂತು, ಕೊಡಗಳ ಸದ್ದು.

ಹೋಗುವಾಗ ಬಾಗಿಲಲ್ಲಿ ನಿಂತು
"ಆಟೋದವಗ ಹಾದಿ ಗೊತ್ತದನ?" ಎಂದರು.
ಗೊತ್ತದ ಕಾಕಾ, ನಮ್ಮ ಶಿವರಾಯನ ಆಟೋ.
ಕೀಲಿಕೈ ಗೊಂಚಲು ಇಲ್ಲದ ಸೊಂಟ ಮುಟ್ಟಿಕೊಂಡು
ಎರಡು ಹೆಜ್ಜೆ ಹೋದವರು ತಿರುಗಿದರು.
"ಅಷ್ಟೂರಿನ ಹಿಂದಿನ ಹಾದಿ? ಅದು ಗೊತ್ತದನ ಅವಗ?"

ಚೀಟಿ ಮಡಚುವ ಮೊದಲು ಮತ್ತೆ ಎಣಿಸಿದೆ:
ಅವರು ನಾಲ್ಕು. ನಾನೊಬ್ಬಳು.
ಶಿವರಾಯನ ಮಗ್ಗುಲಿಗೆ ಒಬ್ಬರು.
ಬುತ್ತಿಗೆ ಇನ್ನೆರಡು ರೊಟ್ಟಿ, ಮೆತ್ತಗಿನವು.
ರಾತ್ರಿಯೇ ಹಿಟ್ಟು ಅಳೆದಿಡಬೇಕು.