ನೀಲಿ, ಎರಡೇ ಹನಿ

ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ತಾರಸಿಗೆ ಹತ್ತಿದೆ.
ವಿದ್ಯಾನಗರದ ನಮ್ಮ ಕಟ್ಟಡಕ್ಕೆ ಗಾಢ ನಿದ್ದೆ.
ಟಾಂಕಿಯ ಬುಡದ ಮೀಟರಿನಲ್ಲಿ ಮಾತ್ರ
ಒಂದು ಸಣ್ಣ ಕೆಂಪು ಚಕ್ರ
ಯಾರಿಗೂ ಹೇಳದೆ ತಿರುಗುತ್ತಿತ್ತು.

ಇಪ್ಪತ್ತನಾಲ್ಕು ಮನೆ ಮಲಗಿದ ಮೇಲೂ
ಇದು ಯಾರ ಬಾಯಾರಿಕೆ?

ಮೋಟಾರಿನ ಕರೆಂಟು ಬಿಲ್ಲು ಹದಿನೆಂಟು ಸಾವಿರ.
ಮಾರ್ಚಿಗೇ ಬೋರ್‌ವೆಲ್ಲು ಉಪ್ಪು;
ಚಂದ್ರಗಿರಿ ಹೊಳೆಯೊಳಗೆ ಕಡಲು ಹತ್ತಿ ಬರುವ ದಿನಗಳು.
"ಸಾರಿಗೆ ಉಪ್ಪು ಹಾಕುವ ಖರ್ಚಿಲ್ಲ" ಎಂದು ಖದೀಜಮ್ಮ ನಗುತ್ತಿದ್ದರು.
ನಾನು ನಗಲಿಲ್ಲ. ಖಜಾಂಚಿ ನಗಬಾರದು.

ಸಂಶಯ ಮೊದಲು ಶೆಣೈಯವರ ಮೇಲೆ:
ಪೈಪು ಹಿಡಿದು ಕಾರಿಗೆ ಅಭಿಷೇಕ ಮಾಡುವವರು.
ದಂಡ ಹಾಕಿಸಿದೆ, ಇನ್ನೂರು.
ಆಮೇಲೆ ಖದೀಜಮ್ಮನ ಮೇಲೆ:
ಏಳು ಮೊಮ್ಮಕ್ಕಳು, ಐದು ಹೊತ್ತು ಕೈಕಾಲು ತೊಳೆಯುವುದು.
ಹೊತ್ತಿಗೆ ಒಂದು ಗಿಂಡಿ ನೀರು ಅವರಿಗೆ ಸಾಕೆಂದು
ನಾನು ಕೇಳಲೂ ಇಲ್ಲ.

ಪ್ಲಂಬರು ಐತಪ್ಪ ಬೀಡಿ ಆರಿಸಿ ಹೇಳಿದ:
"ಅಕ್ಕ, ಈ ಕಳ್ಳನನ್ನು ಬಣ್ಣ ಹಾಕಿ ಹಿಡಿಯಬೇಕು.
ಫ್ಲಶ್ಶಿನ ಟಾಂಕಿಗೆ ಬಟ್ಟೆಯ ನೀಲಿ, ಎರಡೇ ಹನಿ.
ಅರ್ಧ ಗಂಟೆ ಯಾರೂ ಒತ್ತಬಾರದು.
ಕೆಳಗೆ ನೀಲಿ ಕಂಡರೆ ಸೋರುವುದುಂಟು."

ಆದಿತ್ಯವಾರ ಬಾಟಲಿ ಹಿಡಿದು ಬಾಗಿಲು ಬಾಗಿಲು.
ನಂಬ್ಯಾರರದು ಬಿಳಿ.
ಶೆಣೈಯವರದು ಬಿಳಿ, ಮುಖ ಮಾತ್ರ ಕೆಂಪು.
ಖದೀಜಮ್ಮನದು ಬಿಳಿ; ಮೇಲಿಂದ ಒಂದು ಪ್ಲೇಟು ಪತ್ತಿರಿ.
ಹನ್ನೊಂದು ಮನೆ, ಹದಿನೇಳು, ಇಪ್ಪತ್ತಮೂರು.

ಉಳಿದದ್ದು ಒಂದು.
ನನ್ನ ಕಕ್ಕಸಿನಲ್ಲಿ
ಆಕಾಶ.

ಒಂದು ರಬ್ಬರ್ ವಾಷರು. ನಲ್ವತ್ತು ರೂಪಾಯಿ.
ನಾನು ಊರಿನ ನಲ್ಲಿಗಳಿಗೆಲ್ಲ ಕಿವಿ ಕೊಟ್ಟಿದ್ದಾಗ
ನನ್ನ ತಲೆದಿಂಬಿನ ಗೋಡೆಯಾಚೆ
ಸದ್ದಿಲ್ಲದೆ ಇಳಿಯುತ್ತಿತ್ತು.

ಐತಪ್ಪ ನಗಲಿಲ್ಲ.
"ಯಾರ ಮನೆಯೆಂದು ಹೇಳುವುದು ಬೇಡವಾ?"
ಎಂದಷ್ಟೇ ಕೇಳಿದ, ಸ್ಪ್ಯಾನರು ಒರೆಸುತ್ತಾ.

ನಮ್ಮಲ್ಲಿ ನೋಟಿಸು ಎರಡು ಭಾಷೆಯಲ್ಲಿ.
ಮಲಯಾಳದ್ದು ನಂಬ್ಯಾರರು ಬರೆದುಕೊಟ್ಟರು,
ನನ್ನ ಮಾನ ಕಾಯುವಂತೆ: "ಒಂದು ಫ್ಲಾಟಿನಲ್ಲಿ".
ಕನ್ನಡದ್ದು ನಾನೇ ಬರೆದೆ:
"ಮೂರನೆಯ ಮಾಳಿಗೆ, ನನ್ನದು.
ಶೆಣೈಯವರ ಇನ್ನೂರು ವಾಪಸು."
ಎರಡೂ ಓದಬಲ್ಲ ಮಕ್ಕಳು
ಮೆಟ್ಟಿಲಲ್ಲಿ ಕೂತು ಹೋಲಿಸಿ ನೋಡಿದವು.

ಆ ರಾತ್ರಿಯೂ ನಿದ್ದೆ ಬರಲಿಲ್ಲ, ಹತ್ತಿದೆ.
ಚಕ್ರ ನಿಂತಿತ್ತು.
ನಾಲ್ಕೂಮುಕ್ಕಾಲಿಗೆ, ಕೆಳಗೆಲ್ಲೋ ದೀಪ ಹೊತ್ತಿ,
ಒಂದು ಗಿಂಡಿಯಷ್ಟು ತಿರುಗಿತು.
ಮತ್ತೆ ನಿಂತಿತು.