ಮೂಟೆಯ ಹೊಟ್ಟೆ

ಸುಂಟಿಕೊಪ್ಪದ ಕಾಫಿ ಮಂಡಿಯಲ್ಲಿ
ನನ್ನದು ಕಚ್ಚಿ ನೋಡುವ ಕೆಲಸ.
ಕೊಳವೆ ಚುಚ್ಚಿ ಮೂಟೆಯ ಬಾಯಿಯದ್ದಲ್ಲ,
ಹೊಟ್ಟೆಯ ಕಾಳು ತೆಗೆಯಬೇಕು;
ಮೇಲಿನದು ಯಾವಾಗಲೂ ಚೆಂದ.
ಹಲ್ಲಿಗೆ ಟಕ್ಕೆಂದರೆ ಒಣಗಿದೆ.
ಮೆತ್ತಗಾದರೆ, ತಂದವನ ಮುಖ ನೋಡುವುದಿಲ್ಲ ನಾನು.

ಕಕ್ಕಡದ ಒಂದು ಮಧ್ಯಾಹ್ನ
ಪಿಕಪ್ಪಿನ ಕುಂಞಿಮೋನು ಫೋನು ಮೂಗಿಗೇ ಹಿಡಿದ:
"ಗುಡ್ಡ ಜರಿದಿದೆ, ಈಗಷ್ಟೇ,
ಚೋಂದಮ್ಮನ ಮನೆ ಸಮೇತ."
ಕೆಂಪು ಮಣ್ಣು, ಬುಡಮೇಲಾದ ಸಿಲ್ವರ್ ಮರ,
ಕೆಳಗೆ ಮೂರು ಜೊತೆ ಮುಗಿದ ಕೈ,
ತಕ್ಷಣ ಎಲ್ಲರಿಗೂ ಕಳಿಸಿ.
ಮಂಡಿಯ ತಕ್ಕಡಿ ನಿಂತಿತು.

ಎರಡು ಬೆರಳಲ್ಲಿ ಹಿಗ್ಗಿಸಿದೆ,
ಮಣ್ಣನ್ನಲ್ಲ, ಮೂಲೆಯನ್ನು.
ಅಲ್ಲಿ ಗಿಡದ ತುಂಬ ಬೆಳ್ಳಗೆ ಹೂ.
ಕಕ್ಕಡದಲ್ಲಿ ಕಾಫಿ ಹೂವೇ?
"ಮಾರ್ಚಿನದು ಇದು. ಎಲ್ಲೋ ಯಾರೋ ಜೇಸಿಬಿ ಆಡಿಸಿದ್ದು."
ಕುಂಞಿಮೋನು ಪೆಚ್ಚಾಗಿ ನಕ್ಕ,
ಮೂಟೆ ಮತ್ತೆ ಏರಿತು,
ಗೆದ್ದವಳ ಹಾಗೆ ನಾನು ಚಹಾ ಕುಡಿದೆ.

ಅರ್ಧ ಲೋಟಕ್ಕೆ ಚಹಾ ಒಗರಾಯಿತು.
ಒಂದು ಜೊಳ್ಳು ಹಿಡಿದ ಮಾತ್ರಕ್ಕೆ
ಉಳಿದದ್ದೆಲ್ಲ ಗಟ್ಟಿಯೆಂದು ಯಾರು ಹೇಳಿದರು?
ನಾಲ್ಕು ಸಲ ಸಿಗ್ನಲ್ ಇಲ್ಲ.
ಐದನೆಯದಕ್ಕೆ ಚೋಂದಮ್ಮ:
"ಜರಿಯೋದಾ? ಎಂಥದ್ದೂ ಇಲ್ಲ ಮಾರಾಯ್ತಿ,
ಕೋಳಿಗೆ ನುಚ್ಚು ಹಾಕ್ತಾ ಇದ್ದೆ."
ಆಮೇಲೆ, ಇಡುವ ಮುಂಚೆ,
ನೆನಪಾದವಳಂತೆ:
"ಬಾವಿ ನೀರು ಮಾತ್ರ ನಿನ್ನೆಯಿಂದ ಕೆಂಪಗುಂಟು."

ಅದರ ಫೋಟೋ ಯಾರೂ ತೆಗೆದಿರಲಿಲ್ಲ.

ಬಾಯೊಳಗಿನ ಕಾಳು ಉಗಿದು,
"ಮೂಟೆ ಇಳಿಸು ಕುಂಞಿಮೋನು," ಎಂದೆ,
"ಗಾಡಿ ತಿರುಗಿಸು."