ರೂಮ್ ನಂಬರ್ ಏಳು

ಹಾಸನ. ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿ.
ಮುನ್ನೂರೈವತ್ತು ಬಾಡಿಗೆ, ಬಿಸಿನೀರಿಗೆ ಬಕೆಟ್ಟಿಗಿಪ್ಪತ್ತು ಬೇರೆ.
‘ಒಬ್ರೇನಾ?’ ಅಂದ ಮ್ಯಾನೇಜರ್
ಆಧಾರ್ ಕಾರ್ಡಿನ ಫೋಟೋವನ್ನೇ ನೋಡುತ್ತ.

ಚಿಲಕಕ್ಕೆ ಮೂರು ತೂತು, ಒಂದೇ ಮೊಳೆ.
ಮಂಚ ಎಳೆದು ಬಾಗಿಲಿಗೆ ಒತ್ತಿದೆ,
ಮೇಲೆ ನಾಳೆಯ ಕೋರ್ಟಿನ ಫೈಲು,
ಅದಕ್ಕೆ ಭಾರವಾದರೂ ಇದೆ.

ಕೆಳಗೆ ಬಾರಿನ ಶಟರು ಇಳಿದ ಮೇಲೆ ಬಂದ.
ತಟ್ಟಲಿಲ್ಲ. ಹಣೆ ಒರಗಿಸಿದ ಸದ್ದು.
‘ಜಯಶೀಲಾ, ತೆಗಿಯೇ. ಇನ್ಮೇಲೆ ಮುಟ್ಟಲ್ಲ ಕಣೇ.’
ಏನನ್ನ, ಯಾರನ್ನ, ಹೇಳಲಿಲ್ಲ.
ನೂರ ಹನ್ನೆರಡು ಒತ್ತಿ
ಮೊಬೈಲು ಹಿಡಿದೇ ಕೂತಿದ್ದೆ, ಕರೆ ಮಾಡದೆ.
ಕೊನೆಗೆ, ಯಾರದೋ ಗಂಟಲಿನಲ್ಲಿ,
‘ಬೆಳಿಗ್ಗೆ ನೋಡಣ, ಹೋಗಿ ಮಲ್ಕೋ’ ಅಂದೆ.
‘ಸರಿ’ ಅಂದ.

ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದೇ ಚಪ್ಪಲಿ.
ಕೋರ್ಟಿನಲ್ಲಿ ನನ್ನ ಹೆಸರು ಮೂರು ಸಲ ಕೂಗಿದರಂತೆ.
ನನಗೆ ಕೇಳಿಸಿದ್ದು ಮೂರನೆಯದು.